ನೀರು ಮರಳುವ ಜಾಗ: ಕೊಡಗಿನ ಹೊಳೆಗಳ ಜೊತೆ ನಾಲ್ಕು ದಿನ

ದಸರಾ ರಜೆಗೆ ಎರಡು ದಿನ ಉಳಿದಿತ್ತು. ಹತ್ತನೇ ತರಗತಿಯಲ್ಲಿ ಜಲವಿದ್ಯುತ್ತಿನ ಪಾಠ ಮುಗಿಸಿ ಪುಸ್ತಕ ಮುಚ್ಚುವಾಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ನೀರಿನಿಂದ ಕರೆಂಟ್ ತೆಗೆದ ಮೇಲೆ ಆ ನೀರಿನಲ್ಲಿ ಸತ್ವ ಉಳಿಯುತ್ತದೆಯೇ? ಉಳಿಯುವುದಿಲ್ಲ ಎಂದು ನಮ್ಮ ಅಜ್ಜ ಹೇಳುತ್ತಾರೆ’ ಎಂದು ಕೇಳಿದಳು. ತರಗತಿ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಇದೇ ಮಾತನ್ನು ನನ್ನ ಬಾಲ್ಯದಲ್ಲಿ ಗದ್ದೆಯ ಬದುವಿನ ಮೇಲೆ ಕುಳಿತ ಹಿರಿಯರ ಬಾಯಲ್ಲಿ ನಾನೂ ಕೇಳಿದ್ದೆ. ನೀರಿನ ಗುಣ ಬದಲಾಗುವುದಿಲ್ಲ, ಅದರಿಂದ ಹೋಗುವುದು ಎತ್ತರ ಮಾತ್ರ ಎಂದು ಉತ್ತರಿಸಿದೆ. ಉತ್ತರ ಸರಿಯಾಗಿತ್ತು, ಆದರೆ ಸಾಕಾಗಲಿಲ್ಲ ಎಂಬ ಭಾವನೆ ಮನೆಗೆ ಬಂದ ಮೇಲೂ ಉಳಿಯಿತು. ಎತ್ತರ ಹೋಯಿತು ಎಂದರೆ ಅದು ಯಾರದ್ದು ಹೋಯಿತು, ಎಷ್ಟು ದೂರದವರೆಗೆ ಹೋಯಿತು ಎಂಬುದನ್ನು ನಾನು ಹೇಳಿರಲಿಲ್ಲ.

ಕುಶಾಲನಗರದಲ್ಲಿ ಪಾಠ ಹೇಳುವವನಿಗೆ ಇದನ್ನು ನೋಡಿ ತಿಳಿಯಲು ಬಹಳ ದೂರ ಹೋಗಬೇಕಾಗಿಲ್ಲ. ಮೂವತ್ತು ವರ್ಷ ಲೈನ್‌ಮನ್ ಆಗಿ ದುಡಿದು ನಿವೃತ್ತರಾದ ನನ್ನ ಭಾವನನ್ನು ಕೇಳಿದೆ. ‘ಓಮ್ನಿ ಇದೆ, ನಾನಿದ್ದೇನೆ, ನಾಳೆಯೇ ಹೊರಡೋಣ ಭಾವ’ ಎಂದರು. ಹೊರಡುವಾಗ ಅಕ್ಕ ಬುತ್ತಿಯ ಜೊತೆಗೆ, ನನ್ನ ಕೋರಿಕೆಯಂತೆ, ಹದಿನೈದು ಲೀಟರಿನ ಒಂದು ಪ್ಲಾಸ್ಟಿಕ್ ಬಕೆಟ್ಟನ್ನೂ ವಾಹನದಲ್ಲಿಟ್ಟರು.

ಮೊದಲ ದಿನ: ಹಾರಂಗಿ

ಪುಷ್ಪಗಿರಿಯ ಸಾಲಿನಲ್ಲಿ ಹುಟ್ಟಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುವ ಹಾರಂಗಿಗೆ ಹುದುಗೂರಿನ ಬಳಿ ಕಟ್ಟಿರುವ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ, ಸಂಗ್ರಹ 8.5 ಟಿಎಂಸಿ; ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಮಳೆಗಾಲದಲ್ಲಿ ಪ್ರತಿದಿನ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಕೊಡಗಿನವರ ಕಣ್ಣು ಮೊದಲು ಹೋಗುವುದು ಈ ಅಂಕಿಗಳ ಕಡೆಗೇ. ನಾವು ಹೋದ ದಿನ ಜಲಾಶಯ ತುಂಬಿ ನಿಂತಿತ್ತು, ನಾಲ್ಕು ಕ್ರೆಸ್ಟ್ ಗೇಟುಗಳೂ ಮುಚ್ಚಿದ್ದವು, ಕಾಲುವೆಗೆ ನೀರು ಹರಿಯುತ್ತಿತ್ತು. ಉದ್ಯಾನದಲ್ಲಿ ಮಕ್ಕಳ ಗಲಾಟೆ ಜೋರಾಗಿತ್ತು. ಸಂಗೀತ ಕಾರಂಜಿಗೆ ಸಂಜೆಯವರೆಗೆ ಕಾಯಲು ನಮಗೆ ವ್ಯವಧಾನವಿರಲಿಲ್ಲ.

ಹಾರಂಗಿಯನ್ನು ಕಟ್ಟಿದ್ದು ನೀರಾವರಿಗಾಗಿ. ಕೊಡಗಿನ ಒಂದಿಷ್ಟು ನೆಲಕ್ಕೂ, ಅದಕ್ಕಿಂತ ಹೆಚ್ಚಾಗಿ ಮೈಸೂರು ಮತ್ತು ಹಾಸನ ಜಿಲ್ಲೆಗಳ ಬಯಲಿಗೂ ನೀರುಣಿಸುವ ಈ ಕಟ್ಟೆಗೆ ವಿದ್ಯುತ್ ಘಟಕ ಬಂದದ್ದು ಆಮೇಲೆ. ಹೇಗಿದ್ದರೂ ಕೆಳಕ್ಕೆ ಬಿಡಬೇಕಾದ ನೀರನ್ನು ಸುಮ್ಮನೆ ಧುಮುಕಲು ಬಿಡುವ ಬದಲು ಟರ್ಬೈನಿನ ಮೂಲಕ ಹಾಯಿಸಿದರೆ, ಒಂದು ಗುಂಟೆ ನೆಲವನ್ನೂ ಹೊಸದಾಗಿ ಮುಳುಗಿಸದೆ ವಿದ್ಯುತ್ ಸಿಗುತ್ತದೆ. ಇಲ್ಲಿಯ ಮೊದಲ ಘಟಕದ ಸಾಮರ್ಥ್ಯ 9 ಮೆಗಾವ್ಯಾಟ್. ಒಳಗೆ ಹೋಗಲು ನಮಗೆ ಅನುಮತಿ ಇರಲಿಲ್ಲ. ಬೇಲಿಯ ಹೊರಗೆ ನಿಂತು, ನೊರೆಯೆದ್ದು ಹೊರಬರುತ್ತಿದ್ದ ನೀರನ್ನು ನೋಡುತ್ತ ಭಾವನವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಜಲಾಶಯದಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಇಳಿದಂತೆ ನೀರಿನ ಒತ್ತಡ ನಮ್ಮ ಮೇಲಿರುವ ಇಡೀ ವಾತಾವರಣದ ಒತ್ತಡದಷ್ಟೇ ಹೆಚ್ಚುತ್ತದೆ. ಆ ಆಳದಲ್ಲಿ ಕಸಕಡ್ಡಿ ತಡೆಯುವ ಕಬ್ಬಿಣದ ಜಾಲರಿಯನ್ನು ದಾಟಿ ಪೆನ್‌ಸ್ಟಾಕ್ ಎಂಬ ದಪ್ಪ ಉಕ್ಕಿನ ಕೊಳವೆಯೊಳಗೆ ಹೊಕ್ಕ ನೀರು, ಟರ್ಬೈನಿನ ಸುತ್ತ ನಿಂತ ಕದಗಳಂಥ ಅಲಗುಗಳ ಸಂದಿಯಿಂದ ಚಕ್ರದ ಮೇಲೆ ಬೀಳುತ್ತದೆ. ಚಕ್ರ ತಿರುಗಿದರೆ ಅದೇ ದಂಡಕ್ಕೆ ಕೂಡಿಸಿದ ಕಾಂತಗಳು ತಾಮ್ರದ ಸುರುಳಿಗಳ ನಡುವೆ ತಿರುಗುತ್ತವೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ 50 ಆವರ್ತದ ಲಯವನ್ನು ತಪ್ಪದೆ ಕಾಯಬೇಕು. ‘ಸಂಜೆ ಊರಿನವರೆಲ್ಲ ಒಟ್ಟಿಗೆ ದೀಪ ಹಾಕಿದರೆ ಜನರೇಟರಿಗೆ ಏರಿನಲ್ಲಿ ಗಾಡಿ ಎಳೆಯುವ ಎತ್ತಿನ ಪಾಡು’ ಎಂದರು ಭಾವ. ‘ಹೆಜ್ಜೆ ನಿಧಾನವಾಗುತ್ತದೆ. ಆಗ ಆ ಕದಗಳನ್ನು ಇನ್ನಷ್ಟು ತೆರೆದು ನೀರು ಹೆಚ್ಚಿಸಬೇಕು. ಕಲ್ಲಿದ್ದಲಿನ ಸ್ಥಾವರವನ್ನು ತಣ್ಣಗಿನ ಸ್ಥಿತಿಯಿಂದ ಎಬ್ಬಿಸಲು ಗಂಟೆಗಟ್ಟಲೆ ಬೇಕು, ನೀರಿನದು ನಿಮಿಷಗಳ ಕೆಲಸ.’ ಜಲವಿದ್ಯುತ್ತಿನ ದೊಡ್ಡ ಗುಣ ಇದು. ಇಂಧನಕ್ಕೆ ಖರ್ಚಿಲ್ಲ, ಹೊಗೆಯಿಲ್ಲ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಬೇಕೆಂದಾಗ ಎದ್ದು ಬೇಡವೆಂದಾಗ ಮಲಗುವ ಈ ವಿಧೇಯತೆಗೆ ಅದಕ್ಕಿಂತ ಹೆಚ್ಚು ಬೆಲೆಯಿದೆ ಎಂದು ನನಗನ್ನಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಸೌರಫಲಕ ಸುಮ್ಮನಾಗುವ ಹೊತ್ತಿಗೇ ಊರಿಗೆ ಅತಿ ಹೆಚ್ಚು ಕರೆಂಟ್ ಬೇಕಾಗುವುದು.

ಅಲ್ಲಿಯೇ ಕುಳಿತು ಒಂದು ಲೆಕ್ಕ ಹಾಕಿದೆವು. ಸೆಕೆಂಡಿಗೆ 1,000 ಘನ ಅಡಿ, ಅಂದರೆ ಸಾವಿರ ಕ್ಯೂಸೆಕ್ ನೀರು 30 ಮೀಟರ್ ಎತ್ತರದಿಂದ ಇಳಿಯುತ್ತದೆ ಎಂದುಕೊಂಡರೆ, ಉಜ್ಜಾಟದಲ್ಲಿ ಹೋಗುವುದನ್ನು ಕಳೆದು ಸುಮಾರು 7 ಮೆಗಾವ್ಯಾಟ್ ಸಿಗುತ್ತದೆ. ಇದೇ ಪ್ರಮಾಣದಲ್ಲಿ ಹನ್ನೊಂದೂವರೆ ದಿನ ಹರಿಸಿದರೆ ಒಂದು ಟಿಎಂಸಿ ಖಾಲಿಯಾಗಿ ಹೆಚ್ಚು ಕಡಿಮೆ 20 ಲಕ್ಷ ಯೂನಿಟ್ ಕೈಗೆ ಬರುತ್ತದೆ. ಅದೇ ಒಂದು ಟಿಎಂಸಿ ನೀರು 400 ಮೀಟರಿಗೂ ಹೆಚ್ಚು ಇಳಿಯುವ ಶರಾವತಿಯಲ್ಲಿ ಇದರ ಹದಿಮೂರು ಪಟ್ಟಿಗೂ ಮೀರಿ ಕೊಡುತ್ತದೆ. 1,035 ಮೆಗಾವ್ಯಾಟಿನ ಶರಾವತಿ ಏಕೆ ಶರಾವತಿಯಾಯಿತು, ಹಾರಂಗಿ ಏಕೆ ಹಾರಂಗಿಯಾಗಿಯೇ ಉಳಿಯಿತು ಎಂಬುದಕ್ಕೆ ಈ ಒಂದು ಗುಣಾಕಾರ ಸಾಕು: ನೀರಿನ ಮೊತ್ತವನ್ನು ಎತ್ತರದಿಂದ ಗುಣಿಸಬೇಕು, ಒಂದು ಕಡಿಮೆಯಾದರೆ ಇನ್ನೊಂದು ಹೆಚ್ಚಿರಬೇಕು.

ಈ ಬೆಟ್ಟಗಳ ನೀರು ದೂರದವರಿಗೆ ಬೆಳಕು ಕೊಟ್ಟ ಕಥೆ ಹಾರಂಗಿಗಿಂತ ಬಹಳ ಹಳೆಯದು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತೆಗೆದ ವಿದ್ಯುತ್ತು ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಬೇಸಗೆಯಲ್ಲಿ ಹೊಳೆ ಇಳಿದಾಗಲೂ ಗಣಿಗಳಿಗೆ ಕರೆಂಟ್ ನಿಲ್ಲಬಾರದೆಂಬ ಚಿಂತೆ ಕನ್ನಂಬಾಡಿ ಕಟ್ಟೆಯ ಹಿಂದಿನ ಕಾರಣಗಳಲ್ಲಿ ಒಂದು. ಆ ಕಾವೇರಿ ಹುಟ್ಟಿದ ನಾಡಿನಲ್ಲಿ ಇಂದಿಗೂ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ಮೂರು ದಿನ ಸೀಮೆಎಣ್ಣೆ ಬುಡ್ಡಿಯೇ ಗತಿ ಎಂಬುದನ್ನು ನಾನು ದೂರಿಗಾಗಿ ಬರೆಯುತ್ತಿಲ್ಲ. ಆ ಮರ ಕಡಿದು ತಂತಿ ಎಳೆಯಲು ಕೊಡೆ ಹಿಡಿಯದೆ ಮಳೆಯಲ್ಲಿ ಕಂಬ ಹತ್ತಿದ ಮನುಷ್ಯನೇ ನನ್ನ ಪಕ್ಕದಲ್ಲಿ ಕುಳಿತಿದ್ದರು.

ಹಾರಂಗಿಯ ಘಟಕಕ್ಕೆ ಒಂದು ಮಿತಿಯೂ ಇದೆ. ಅದು ರೈತರ ಪಂಚಾಂಗವನ್ನು ಅನುಸರಿಸುತ್ತದೆ. ಕಾಲುವೆಗೆ ನೀರು ಬಿಟ್ಟಾಗ ಉತ್ಪಾದನೆ, ನಿಲ್ಲಿಸಿದಾಗ ವಿಶ್ರಾಂತಿ. ಇನ್ನೊಂದು ತೊಡಕು ಕುಶಾಲನಗರದವರಿಗೆ ಮೈಮೇಲೆ ಬಂದು ತಿಳಿದದ್ದು. ಕಟ್ಟೆ ತುಂಬಿದಷ್ಟೂ ಬೆಳೆಗೂ ವಿದ್ಯುತ್ತಿಗೂ ಲಾಭ, ಆದರೆ ತುಂಬಿದ ಕಟ್ಟೆಗೆ ದಿಢೀರನೆ ಬರುವ ನೆರೆಯನ್ನು ಹಿಡಿದಿಡಲು ಜಾಗ ಇರುವುದಿಲ್ಲ. 2018ರ ಆಗಸ್ಟಿನಲ್ಲಿ ಕಾವೇರಿ ನಮ್ಮ ಊರಿನ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಮೊಣಕಾಲುದ್ದ ಕೆಂಪು ನೀರು ನಿಂತಿತ್ತು. ಎಷ್ಟು ತುಂಬಿಸಬೇಕು, ಯಾವಾಗ ಖಾಲಿ ಬಿಡಬೇಕು ಎಂಬ ನಿರ್ಧಾರ ಎಷ್ಟು ಕಷ್ಟದ್ದೆಂದು ಆ ರಾತ್ರಿ ಮಂಚದ ಮೇಲೆ ಕುಳಿತು ನೀರಿನ ಗುರುತನ್ನು ನೋಡುತ್ತಿದ್ದಾಗ ಅರ್ಥವಾಯಿತು.

ಎರಡನೆಯ ದಿನ: ಹಟ್ಟಿಹೊಳೆ, ಮಲ್ಲಳ್ಳಿ

ಸುಂಟಿಕೊಪ್ಪ ದಾಟಿ ಮಾದಾಪುರದ ಮೂಲಕ ಹಟ್ಟಿಹೊಳೆಗೆ ಹೋದೆವು. 2018ರ ಭೂಕುಸಿತದಲ್ಲಿ ಹಟ್ಟಿಹೊಳೆ, ಮುಕ್ಕೋಡ್ಲು, ಮಕ್ಕಂದೂರು ಕಡೆಯ ಬೆಟ್ಟಗಳ ಮೈ ಜಾರಿ, ಮನೆಗಳೂ ಕಾಫಿ ತೋಟಗಳೂ ಗದ್ದೆಗಳೂ ಮಣ್ಣಿನಡಿ ಹೋದವು. ಆ ಮಣ್ಣಿನಲ್ಲಿ ಬಹುಪಾಲು ಅಲ್ಲಲ್ಲೇ ನಿಂತಿತು. ಉಳಿದದ್ದು ಹೊಳೆಯ ಹಾದಿ ಹಿಡಿದು ಹಾರಂಗಿಯ ಹಿನ್ನೀರಿಗೆ ಇಳಿಯಿತು. ಬೆಟ್ಟಗಳು ಈಗ ಹಸಿರಾಗಿವೆ, ಆದರೆ ಹಳೆಯ ಗಾಯದ ಜಾಗದಲ್ಲಿ ಬೆಳೆದ ಹುಲ್ಲಿನ ಹಸಿರು ಸುತ್ತಲಿನ ಕಾಡಿನ ಹಸಿರಿಗಿಂತ ತಿಳಿಯಾಗಿದ್ದು ದೂರದಿಂದಲೇ ಗುರುತು ಸಿಗುತ್ತದೆ.

ಹೊಳೆಯಂಚಿನಲ್ಲಿ ಕುಳಿತು ಒಂದು ಹಿಡಿ ಮರಳು ತೆಗೆದು ಅಂಗೈಯಲ್ಲಿ ಉಜ್ಜಿದೆ. ಬಿಳಿ ಕಲ್ಲಿನ ಹರಳುಗಳು ಚರ್ಮವನ್ನು ಗೀರಿದವು. ಟರ್ಬೈನಿನ ಉಕ್ಕನ್ನು ವರ್ಷಗಳ ಕಾಲ ಸವೆಸುವುದು ಇದೇ ಹರಳು. ಸಣ್ಣ ಮಣ್ಣು ಜಲಾಶಯದ ತಳದಲ್ಲಿ ಹೂಳಾಗಿ ಕೂರುತ್ತದೆ. ಹೂಳು ಕೂತಷ್ಟೂ ನೀರಿಗೆ ಜಾಗ ಕಡಿಮೆಯಾಗುತ್ತದೆ, ಕಟ್ಟೆಯ ಕೆಳಗಿನ ನದಿಗೆ ಸೇರಬೇಕಾದ ಫಲವತ್ತಾದ ಮೆಕ್ಕಲು ಮೇಲೆಯೇ ಉಳಿಯುತ್ತದೆ. ಜಲವಿದ್ಯುತ್ತಿಗೆ ಇಂಧನ ಖರ್ಚಾಗುವುದಿಲ್ಲ ಎಂದು ನಾವು ಬರೆಸುವ ಉತ್ತರದಲ್ಲಿ ಈ ಖರ್ಚು ಕಾಣುವುದಿಲ್ಲ. ಕಣಿವೆ ಒಮ್ಮೆ ಮಾತ್ರ ಸಿಗುವ ಪಾತ್ರೆ, ಅದನ್ನು ನಾವು ಮಣ್ಣಿನಿಂದ ತುಂಬಿಸುತ್ತಿದ್ದೇವೆ. ಮೇಲಿನ ಇಳಿಜಾರಿನಲ್ಲಿ ರಸ್ತೆಗೆಂದು, ಕಟ್ಟಡಕ್ಕೆಂದು ಗುಡ್ಡವನ್ನು ಕಡಿದವರ ಲೆಕ್ಕ ಕೆಳಗಿನ ಅಣೆಕಟ್ಟಿನ ಪುಸ್ತಕಕ್ಕೆ ಬಂದು ಬೀಳುತ್ತದೆ. ಮುಳುಗಿದ ಗಿಡಮರಗಳ ಸಂಗತಿಯೂ ಹೀಗೆಯೇ. ನಮ್ಮಂಥ ಬಿಸಿ ನಾಡುಗಳ ಜಲಾಶಯಗಳಲ್ಲಿ ಅವು ಗಾಳಿಯಿಲ್ಲದ ಆಳದಲ್ಲಿ ಕೊಳೆತು ಮೀಥೇನ್ ಅನಿಲವನ್ನು ಬಿಡುತ್ತವೆ, ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಬಲಶಾಲಿ. ಹೊಗೆಯಿಲ್ಲ ಎಂಬ ಮಾತು ಹೊಗೆಕೊಳವೆಯಿಲ್ಲ ಎಂಬಷ್ಟಕ್ಕೆ ಮಾತ್ರ ನಿಜ.

ಮಧ್ಯಾಹ್ನ ಸೋಮವಾರಪೇಟೆ, ಶಾಂತಳ್ಳಿ ಮಾರ್ಗವಾಗಿ ಮಲ್ಲಳ್ಳಿಗೆ ಹೋದೆವು. ಕುಮಾರಧಾರೆ ಸುಮಾರು 60 ಮೀಟರ್ ಕೆಳಕ್ಕೆ ಬೀಳುವ ಜಾಗ ಅದು. ಮೆಟ್ಟಿಲಿಳಿದು ಎದುರು ನಿಂತರೆ ತುಂತುರಿನಲ್ಲಿ ಕನ್ನಡಕ ಮಸುಕಾಗುತ್ತದೆ. ಇಷ್ಟು ನೀರು, ಇಷ್ಟು ಎತ್ತರ, ಇಲ್ಲಿ ಏಕೆ ವಿದ್ಯುತ್ ತೆಗೆಯಬಾರದು ಎಂಬ ಯೋಚನೆ ವಿಜ್ಞಾನದ ಮೇಷ್ಟ್ರಾದ ನನಗೂ ಬಂತೆಂದು ಒಪ್ಪಿಕೊಳ್ಳುತ್ತೇನೆ. ಇದೇ ಯೋಚನೆ ಪಶ್ಚಿಮ ಘಟ್ಟದ ಪ್ರತಿಯೊಂದು ಹೊಳೆಯ ಎದುರಿಗೂ ಯಾರಿಗಾದರೂ ಬಂದೇ ಬಂದಿದೆ. ಇಲ್ಲಿಂದ ಬಹಳ ದೂರವಿಲ್ಲದ ಹಾಸನದ ಗಡಿಯಲ್ಲಿ 200 ಮೆಗಾವ್ಯಾಟಿನ ಗುಂಡ್ಯ ಯೋಜನೆ ವರ್ಷಗಟ್ಟಲೆ ಚರ್ಚೆಯಾಗಿ, 2011ರಲ್ಲಿ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ ಅದಕ್ಕೆ ಅನುಮತಿ ನೀಡಬಾರದೆಂದು ಹೇಳಿತು. ಮರುವರ್ಷ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಪ್ರಶ್ನೆ ಬರಿಯ ಸೌಂದರ್ಯದ್ದಲ್ಲ. ಜಲಪಾತದ ತಲೆಯಲ್ಲಿ ನೀರನ್ನು ಕೊಳವೆಗೆ ತಿರುಗಿಸಿ ಬುಡದಲ್ಲಿ ಬಿಟ್ಟರೆ, ಆ ಎರಡರ ನಡುವೆ ಹಬೆಯಂಥ ತುಂತುರಿನಲ್ಲೇ ಬದುಕುವ ಪಾಚಿ, ಬಂಡೆಯ ಸಂದಿಯ ಕಪ್ಪೆ, ಆ ಕಪ್ಪೆಯನ್ನು ನಂಬಿದ ಹಾವು, ಎಲ್ಲಕ್ಕೂ ನೀರಿಲ್ಲ. ಕೊಳವೆಯಲ್ಲಿ ಹೋದ ನೀರಿನ ಒಂದು ಹನಿಯೂ ಕಳೆದುಹೋಗಿರುವುದಿಲ್ಲ, ಅಳೆದರೆ ಲೆಕ್ಕ ಸರಿಹೋಗುತ್ತದೆ. ಆ ಅಜ್ಜ ‘ಸತ್ವ’ ಎಂದದ್ದು ಇದನ್ನೇ ಇರಬಹುದೇ ಎಂದು ಮೆಟ್ಟಿಲು ಹತ್ತುವಾಗ ಮೊದಲ ಬಾರಿಗೆ ಅನ್ನಿಸಿತು.

ಮೂರನೆಯ ದಿನ: ಭಾಗಮಂಡಲದ ಆಚೆ

ಮಡಿಕೇರಿಯಿಂದ ಬೆಳಗ್ಗೆಯೇ ಹೊರಟು ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಕಾಲು ತೊಳೆದುಕೊಂಡು ಕರಿಕೆಯ ರಸ್ತೆ ಹಿಡಿದೆವು. ಈ ರಸ್ತೆಯಲ್ಲಿ ಬೆಟ್ಟದ ಏಣು ದಾಟಿದ ಕೂಡಲೇ ನೀರಿನ ದಿಕ್ಕು ಬದಲಾಗುತ್ತದೆ. ಏಣಿನ ಪೂರ್ವಕ್ಕೆ ಬಿದ್ದ ಹನಿ ಕಾವೇರಿಯಾಗಿ ಸುಮಾರು 800 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಎರಡೂ ಇಳಿಯುವ ಎತ್ತರ ಒಂದೇ. ಪಶ್ಚಿಮದ ಹೊಳೆಗಳ ಮೇಲೆ ವಿದ್ಯುತ್ ಯೋಜನೆ ಮಾಡುವವರ ಕಣ್ಣು ಬೀಳುವುದಕ್ಕೆ ಈ ಕಡಿದಾದ ಇಳಿಜಾರೇ ಕಾರಣ.

ಭಾವನ ಸೋದರಮಾವನ ಮನೆ ರಸ್ತೆಯಿಂದ ಒಂದು ಮೈಲು ಒಳಗೆ, ಏಲಕ್ಕಿ ಮತ್ತು ಕಾಫಿಯ ನಡುವೆ ಇದೆ. ವಿದ್ಯುತ್ ಕಂಬ ಅಲ್ಲಿಯವರೆಗೂ ಬಂದಿದೆ. ಆದರೆ ಕಾಡಿನ ನಡುವಿನ ತಂತಿಯಲ್ಲಿ ಮಳೆಗಾಲದಲ್ಲಿ ಕರೆಂಟ್ ಬರುವುದೆಂದರೆ ನೆಂಟರು ಬಂದ ಹಾಗೆ. ಹದಿನಾಲ್ಕು ವರ್ಷದ ಹಿಂದೆ ಮಾವ ತೋಟದ ಮೇಲ್ಗಡೆಯ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಒಂದು ಕಿರು ಟರ್ಬೈನ್ ಕೂರಿಸಿದರು. ಮಲೆನಾಡಿನ ಒಂಟಿ ಮನೆಗಳಲ್ಲಿ ಹೀಗೆ ಒಂದು ಕಿಲೋವ್ಯಾಟ್ ಆಸುಪಾಸಿನ ಘಟಕಗಳು ಬಹಳ ಇವೆ, ಸರ್ಕಾರದಿಂದ ಸಹಾಯಧನವೂ ಸಿಗುತ್ತಿತ್ತು.

ಕಾಫಿ ಕುಡಿಸಿ ಮಾವನವರು ನಮ್ಮನ್ನು ತೋಡಿಗೆ ಕರೆದೊಯ್ದರು. ಮೇಲೆ ಎರಡು ಬಂಡೆಗಳ ನಡುವೆ ಮಂಡಿಯೆತ್ತರದ ಕಲ್ಲಿನ ಕಟ್ಟ. ಅದರ ಒಂದು ಮಗ್ಗುಲಲ್ಲಿ ಸಿಮೆಂಟಿನ ತೊಟ್ಟಿ, ತೊಟ್ಟಿಯ ಬಾಯಿಗೆ ಸೊಳ್ಳೆಪರದೆಯಂಥ ಜಾಲರಿ. ಅಲ್ಲಿಂದ ಮೂರು ಇಂಚಿನ ಪೈಪು ಏಲಕ್ಕಿ ಮಟ್ಟಿಗಳ ನಡುವೆ ಇನ್ನೂರೈವತ್ತು ಮೀಟರ್ ಇಳಿದು ಒಂದು ತಗಡಿನ ಗುಡಿಸಲಿಗೆ ಬರುತ್ತದೆ. ಎರಡರ ನಡುವಿನ ನೇರ ಎತ್ತರ 60 ಮೀಟರ್, ಅಂದರೆ ಮಲ್ಲಳ್ಳಿಯಷ್ಟೇ.

ಗುಡಿಸಲಿನೊಳಗೆ ಬಗ್ಗಿ ಹೊಕ್ಕೆ. ಪೈಪಿನ ತುದಿ ಸಪೂರವಾಗುತ್ತ ಹೋಗಿ ಕಿರುಬೆರಳಿನ ದಪ್ಪದ ಒಂದು ನಳಿಗೆಯಲ್ಲಿ ಮುಗಿಯುತ್ತದೆ. ಅದರಿಂದ ಚಿಮ್ಮುವ ನೀರಿನ ವೇಗ, 60 ಮೀಟರ್ ಇಳಿತಕ್ಕೆ ಲೆಕ್ಕ ಹಾಕಿದರೆ, ಗಂಟೆಗೆ 120 ಕಿಲೋಮೀಟರಿನ ಹತ್ತಿರ. ಎದುರಿಗೆ ಊಟದ ತಟ್ಟೆಗಿಂತ ಚಿಕ್ಕದಾದ ಚಕ್ರ, ಅದರ ಅಂಚಿನ ಸುತ್ತ ಜೋಡಿ ಸೌಟುಗಳನ್ನು ಬೆಸೆದಂಥ ಕಂಚಿನ ಬಟ್ಟಲುಗಳು. ಇದು ಪೆಲ್ಟನ್ ಚಕ್ರ. ಮಾವನವರು ನೀರು ನಿಲ್ಲಿಸಿ ಮುಚ್ಚಳ ತೆಗೆದು ತೋರಿಸಿದರು. ಪ್ರತಿ ಬಟ್ಟಲಿನ ನಡುವೆ ಒಂದು ಏಣು, ಧಾರೆ ಆ ಏಣಿನ ಮೇಲೆ ಬಿದ್ದು ಎರಡಾಗಿ ಸೀಳಿ, ಬಟ್ಟಲಿನ ಒಳಮೈಯಲ್ಲಿ ತಿರುಗಿ, ಬಂದ ದಿಕ್ಕಿಗೇ ಹೊರಳಿ ಬೀಳುತ್ತದೆ. ಬಟ್ಟಲು ಧಾರೆಯ ಅರ್ಧ ವೇಗದಲ್ಲಿ ಓಡಿದರೆ ನೀರಿನ ವೇಗವೆಲ್ಲ ಚಕ್ರಕ್ಕೆ ಹೋಗಿ, ಹೊರಬಿದ್ದ ನೀರಿಗೆ ಓಡಲು ಏನೂ ಉಳಿಯುವುದಿಲ್ಲ. ನಿಮಿಷಕ್ಕೆ 1,500 ಸುತ್ತು ತಿರುಗುವ ಚಕ್ರದ ಅಡಿಯಿಂದ ನೀರು ಸದ್ದಿಲ್ಲದೆ, ದಣಿದವರ ಹಾಗೆ ತೊಟ್ಟಿಕ್ಕಿ ಕಾಲುವೆಗೆ ಇಳಿಯುವುದನ್ನು ಕಂಡಾಗ ಆ ಹುಡುಗಿಯ ಅಜ್ಜನನ್ನು ಮತ್ತೆ ನೆನೆದೆ. ಎತ್ತರ ಹೋದದ್ದು ಇಲ್ಲಿ ಕಣ್ಣಿಗೆ ಕಾಣುತ್ತಿತ್ತು. ಬಟ್ಟಲುಗಳ ಏಣು ಮರಳಿನಿಂದ ಸವೆದು ಮೊಂಡಾಗಿತ್ತು, ಹದಿನಾಲ್ಕು ವರ್ಷದಲ್ಲಿ ಇದು ಎರಡನೆಯ ಚಕ್ರವಂತೆ.

ಬಕೆಟ್ ಕೆಲಸಕ್ಕೆ ಬಂದದ್ದು ಇಲ್ಲಿ. ಹೊರಬೀಳುವ ಕಾಲುವೆಯ ಬಾಯಿಗೆ ಅದನ್ನು ಹಿಡಿದೆ, ಭಾವ ಗಡಿಯಾರ ನೋಡಿದರು. ಹದಿನೈದು ಲೀಟರ್ ತುಂಬಲು ಐದು ಸೆಕೆಂಡು. ನಾಲ್ಕು ಬಾರಿ ಹಿಡಿದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ಸೆಕೆಂಡಿಗೆ ಮೂರು ಲೀಟರ್ 60 ಮೀಟರ್ ಇಳಿದರೆ ಲೆಕ್ಕದ ಪ್ರಕಾರ ಸುಮಾರು 1,760 ವ್ಯಾಟ್. ಪೈಪಿನ ಉಜ್ಜಾಟ, ಚಕ್ರ, ಜನರೇಟರ್ ಎಲ್ಲ ತಮ್ಮ ತಮ್ಮ ಪಾಲು ತೆಗೆದುಕೊಂಡು ಮನೆಗೆ ಸೇರುವುದು ಹೆಚ್ಚು ಕಡಿಮೆ 900 ವ್ಯಾಟ್. ದೊಡ್ಡ ಟರ್ಬೈನ್ ನೂರರಲ್ಲಿ ತೊಂಬತ್ತನ್ನು ಉಳಿಸಿಕೊಳ್ಳುವಲ್ಲಿ ಇದು ಐವತ್ತನ್ನು ಮಾತ್ರ ಉಳಿಸುತ್ತದೆ. ಆದರೂ ಹಗಲು ರಾತ್ರಿ ನಿಲ್ಲದೆ ತಿರುಗುವುದರಿಂದ ದಿನಕ್ಕೆ 21 ಯೂನಿಟ್ ಆಗುತ್ತದೆ. ಒಂದು ಕಿಲೋವ್ಯಾಟಿನ ಸೌರಫಲಕ ಒಳ್ಳೆಯ ಬಿಸಿಲಿನಲ್ಲಿ ನಾಲ್ಕೈದು ಯೂನಿಟ್ ಕೊಟ್ಟೀತು, ಭಾಗಮಂಡಲದ ಆಷಾಢದಲ್ಲಿ ಅದೂ ಇಲ್ಲ. ಮೋಡ ಕವಿದಷ್ಟೂ ಚೆನ್ನಾಗಿ ನಡೆಯುವ ಯಂತ್ರ ಈ ನಾಡಿಗೆ ಹೇಳಿ ಮಾಡಿಸಿದ್ದು.

‘ರಾತ್ರಿ ಎಲ್ಲ ದೀಪ ಆರಿಸಿ ಮಲಗಿದ ಮೇಲೆ ಆ ಕರೆಂಟ್ ಎಲ್ಲಿಗೆ ಹೋಗುತ್ತದೆ ಮಾವ?’ ಎಂದು ಕೇಳಿದೆ. ಭಾರ ಇಲ್ಲದ ಜನರೇಟರ್ ಹುಚ್ಚು ವೇಗದಲ್ಲಿ ಓಡಿ ಕೆಡುತ್ತದೆ. ಅವರು ಮಾತನಾಡದೆ ಬಚ್ಚಲುಮನೆಗೆ ಕರೆದೊಯ್ದು ಹಂಡೆಯ ಮುಚ್ಚಳ ತೆಗೆದರು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಗೋಡೆಯ ಮೇಲಿನ ಒಂದು ಸಣ್ಣ ಪೆಟ್ಟಿಗೆ ಮನೆಯಲ್ಲಿ ಎಷ್ಟು ಬಳಕೆಯಾಗುತ್ತಿದೆ ಎಂದು ಅಳೆದು, ಉಳಿದದ್ದನ್ನೆಲ್ಲ ಹಂಡೆಯೊಳಗಿನ ನೀರು ಕಾಯಿಸುವ ಸುರುಳಿಗೆ ಕಳಿಸುತ್ತದೆ. ದೀಪ ಹಾಕಿದರೆ ಹಂಡೆಗೆ ಕಡಿಮೆ, ಆರಿಸಿದರೆ ಹಂಡೆಗೆ ಹೆಚ್ಚು. ‘ಈ ಹಂಡೆ ಬಂದ ಮೇಲೆ ಸೌದೆ ಅರ್ಧಕ್ಕರ್ಧ ಉಳಿಯಿತು ಮಗ’ ಎಂದು ಅತ್ತೆ ಅಡುಗೆಮನೆಯಿಂದಲೇ ಹೇಳಿದರು. ಮಳೆಯಲ್ಲಿ ಒದ್ದೆ ಸೌದೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡವರ ಮಾತು ಅದು, ಯಾವ ವರದಿಗಿಂತಲೂ ನನಗೆ ದೊಡ್ಡದು.

ಊಟಕ್ಕೆ ಅಕ್ಕಿ ರೊಟ್ಟಿ, ಎಳ್ಳಿನ ಚಟ್ನಿ, ಉಪ್ಪಿನಲ್ಲಿಟ್ಟ ಕಣಿಲೆಯ ಪಲ್ಯ. ಊಟದ ನಡುವೆ ಮಾವ ಹೇಳಿದ ಒಂದು ಸಂಗತಿಗಾಗಿ ಈ ಇಡೀ ಪ್ರವಾಸ ಸಾರ್ಥಕವಾಯಿತು. ಮೊದಲು ಟರ್ಬೈನಿನ ಗುಡಿಸಲು ಈಗಿನ ಜಾಗಕ್ಕಿಂತ ಎಂಟು ಮೀಟರ್ ಕೆಳಗೆ, ಇನ್ನೊಂದು ಮಗ್ಗುಲಿನಲ್ಲಿತ್ತು. ಅಲ್ಲಿಂದ ಬಿಟ್ಟ ನೀರು ಪಕ್ಕದ ಕಣಿವೆಯ ಬೇರೆ ತೋಡಿಗೆ ಸೇರುತ್ತಿತ್ತು. ಮಳೆಗಾಲದಲ್ಲಿ ಯಾರಿಗೂ ತಿಳಿಯಲಿಲ್ಲ. ಡಿಸೆಂಬರ್ ಬಂದಾಗ ಕೆಳಗಿನ ಮನೆಯವರು ಗದ್ದೆಗೂ ಕುಡಿಯಲೂ ನೀರು ತಿರುಗಿಸಿಕೊಳ್ಳುವ ಕಟ್ಟದಲ್ಲಿ ನೀರಿಲ್ಲ. ಮಾತು ಬೆಳೆದು ಎರಡು ಮನೆಗಳ ನಡುವೆ ಹುತ್ತರಿ ಹಬ್ಬಕ್ಕೂ ಹೋಗಿಬರುವುದು ನಿಂತಿತು. ಮರುವರ್ಷ ಮಾವನೇ ಗುಡಿಸಲನ್ನು ಕಿತ್ತು, ನೀರು ಅದೇ ತೋಡಿಗೆ, ಕೆಳಮನೆಯ ಕಟ್ಟಕ್ಕಿಂತ ಮೇಲೆಯೇ ಮರಳುವಂತೆ ಈಗಿನ ಜಾಗದಲ್ಲಿ ಕಟ್ಟಿದರು. ಎಂಟು ಮೀಟರ್ ಎತ್ತರ ಕಳೆದುಕೊಂಡರು, ಎಂಟಕ್ಕೊಂದು ಪಾಲು ಕರೆಂಟ್ ಕಡಿಮೆಯಾಯಿತು. ಕಟ್ಟದ ಬುಡದಲ್ಲಿ ಹೆಬ್ಬೆರಳ ಗಾತ್ರದ ಒಂದು ತೂತನ್ನೂ ಬಿಟ್ಟರು. ಪೈಪಿಗೆ ಎಷ್ಟೇ ನೀರು ಹೋಗಲಿ, ಆ ತೂತಿನಿಂದ ತೋಡಿಗೆ ಸದಾ ಒಂದಿಷ್ಟು ಹರಿಯುತ್ತದೆ. ಫೆಬ್ರವರಿಯಲ್ಲಿ ಪೈಪಿಗೂ ತೂತಿಗೂ ಸಾಲದಷ್ಟು ನೀರಾದಾಗ ಯಂತ್ರವನ್ನೇ ನಿಲ್ಲಿಸುತ್ತಾರೆ. ‘ಮಳೆಗಾಲಲಿ ಇದೇ ನಮ್ಮ ಕರೆಂಟ್, ಬೇಸಗೆಲಿ ಇದು ಇಲ್ಲೆ’ ಎಂದರು ಮಾವ, ರೊಟ್ಟಿ ಮುರಿಯುತ್ತ, ಅದರಲ್ಲಿ ದುಃಖಪಡುವಂಥದ್ದು ಏನೂ ಇಲ್ಲವೆಂಬಂತೆ.

ಎಂಜಿನಿಯರುಗಳು ‘ಪರಿಸರ ಹರಿವು’ ಎಂದು ಕರೆಯುವುದು ಆ ಹೆಬ್ಬೆರಳ ತೂತನ್ನು. ದೊಡ್ಡ ಯೋಜನೆಗಳ ಕಡತಗಳಲ್ಲಿ ಅದು ಶೇಕಡಾವಾರಿನಲ್ಲಿ ಬರೆದಿರುತ್ತದೆ. ಇಲ್ಲಿ ಅದನ್ನು ಕಾಯಲು ಕೆಳಗಿನ ಮನೆಯವರ ಕಣ್ಣಿದೆ.

ನಾಲ್ಕನೆಯ ದಿನ: ಮಾಕುಟ್ಟ, ಬರಪೊಳೆ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಘಾಟಿ ಇಳಿಯುವಾಗ ಎರಡೂ ಬದಿಯ ಕಾಡು ಹಗಲಲ್ಲೇ ಕತ್ತಲಾಗಿಸುತ್ತದೆ. ದಕ್ಷಿಣ ಕೊಡಗಿನ ಬ್ರಹ್ಮಗಿರಿಯ ಸಾಲಿನಲ್ಲಿ ಹುಟ್ಟಿದ ಬರಪೊಳೆ ಇದೇ ದಿಕ್ಕಿನಲ್ಲಿ ಕೇರಳಕ್ಕೆ ಇಳಿಯುತ್ತದೆ. ಕೂಟುಪೊಳೆಯ ಸೇತುವೆ ದಾಟಿದರೆ ಕಣ್ಣೂರು ಜಿಲ್ಲೆ. ಅಲ್ಲಿಯ ಅಯ್ಯಂಕುನ್ನಿನಲ್ಲಿ ಕೇರಳದ ವಿದ್ಯುತ್ ಮಂಡಳಿ 2016ರಿಂದ 15 ಮೆಗಾವ್ಯಾಟಿನ ಘಟಕ ನಡೆಸುತ್ತಿದೆ, ಐದೈದು ಮೆಗಾವ್ಯಾಟಿನ ಮೂರು ಯಂತ್ರ.

ಇಲ್ಲಿ ಎತ್ತರದ ಅಣೆಕಟ್ಟಿಲ್ಲ, ಮುಳುಗಿದ ಕಣಿವೆಯಿಲ್ಲ. ಹೊಳೆಯ ಪಾತ್ರದಲ್ಲೇ ಅಡ್ಡಲಾಗಿ ಒಂದು ಕಂದಕ ಕೊರೆದು ಅದರ ಮೇಲೆ ಸರಳುಗಳ ಜಾಲರಿ ಹಾಸಿದ್ದಾರೆ. ನೀರು ಜಾಲರಿಯ ಸಂದಿಯಿಂದ ಕೆಳಗೆ ಬೀಳುತ್ತದೆ, ಬಂಡೆ ಮರದ ದಿಮ್ಮಿಗಳು ಮೇಲೆಯೇ ಉರುಳಿ ಹೋಗುತ್ತವೆ. ಹಾಗೆ ಹಿಡಿದ ನೀರು ಮೂರು ಕಿಲೋಮೀಟರಿನಷ್ಟು ಕಾಲುವೆಯಲ್ಲಿ ಗುಡ್ಡದ ಮೈಗುಂಟ ಎತ್ತರ ಬಿಟ್ಟುಕೊಡದೆ ಸಾಗಿ, ಕೊನೆಗೆ ಪೆನ್‌ಸ್ಟಾಕಿನಲ್ಲಿ ಒಮ್ಮೆಲೇ ಇಳಿಯುತ್ತದೆ. ಕಾಲುವೆಯ ಮೇಲೆ ಸೌರಫಲಕಗಳ ಮಾಡು ಹೊದಿಸಿದ್ದು ನನಗೆ ಬಹಳ ಹಿಡಿಸಿತು. ಮಳೆಗಾಲದಲ್ಲಿ ನೀರು ದುಡಿಯುತ್ತದೆ, ಬೇಸಗೆಯಲ್ಲಿ ಬಿಸಿಲು ದುಡಿಯುತ್ತದೆ, ತಂತಿ ಎರಡಕ್ಕೂ ಒಂದೇ. ಈ ಜೋಡಣೆಯನ್ನು ಹಾರಂಗಿಯ ಕಾಲುವೆಗಳ ಮೇಲೂ ನೋಡುವ ಆಸೆ ನನಗಿದೆ.

ಆದರೆ ಆ ಮೂರು ಕಿಲೋಮೀಟರಿನ ಪಕ್ಕದಲ್ಲಿ ಹಳೆಯ ಹೊಳೆಯೂ ಇದೆ. ನಾವು ಹೋದಾಗ ಅದರಲ್ಲಿ ಬೇಕಾದಷ್ಟು ನೀರಿತ್ತು, ಬಂಡೆಗಳ ನಡುವೆ ಮಕ್ಕಳು ಈಜುತ್ತಿದ್ದರು. ಸೇತುವೆಯ ಬಳಿ ಚಹಾದಂಗಡಿಯ ಹಿರಿಯರನ್ನು, ಕನ್ನಡ ಮಲಯಾಳ ಬೆರೆಸಿ ಮಾತನಾಡುವವರು ಅವರು, ಮಳೆ ಬಿಟ್ಟ ಮೇಲೆ ಮೇಲಿನ ಹೊಳೆ ಹೇಗಿರುತ್ತದೆ ಎಂದು ಕೇಳಿದೆವು. ‘ಜನವರಿಯಲ್ಲಿ ಚಪ್ಪಲಿ ಒದ್ದೆಯಾಗದೆ ದಾಟಬಹುದು’ ಎಂದರು. ಹೊಳೆಯೇ ಬತ್ತುವುದರಿಂದಲೋ ಕಾಲುವೆಗೆ ಹೋಗುವುದರಿಂದಲೋ ಎಂದು ಭಾವ ಮತ್ತೆ ಕೇಳಿದರು. ಅವರು ಲೋಟ ತೊಳೆಯುತ್ತ, ‘ಎರಡೂ ಇರಬೇಕು, ಬೇರೆ ಬೇರೆ ಮಾಡಿ ನೋಡಿದವರು ಯಾರು?’ ಎಂದರು. ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಹತ್ತುವ ಮೀನಿಗೆ ಎತ್ತರದ ಅಣೆಕಟ್ಟಿನ ಗೋಡೆ ಹೇಗೆ ಅಡ್ಡಿಯೋ, ಮೂರು ಕಿಲೋಮೀಟರಿನ ಒಣ ಬಂಡೆಯೂ ಹಾಗೆಯೇ ಅಡ್ಡಿ. ಅಣೆಕಟ್ಟಿಲ್ಲದ ಯೋಜನೆ ಹೊಳೆಗೆ ಏನೂ ಮಾಡುವುದಿಲ್ಲ ಎಂಬ ಮಾತನ್ನು ನಾನು ಇನ್ನು ಮುಂದೆ ತರಗತಿಯಲ್ಲಿ ಹೇಳಲಾರೆ. ಒಂದೇ ಹೊಳೆಯ ಮೇಲೆ ಇಂಥ ಹತ್ತು ಘಟಕಗಳು ಒಂದರ ಕೆಳಗೊಂದು ಬಂದರೆ ಹೊಳೆಯ ಬಹುಭಾಗ ಕೊಳವೆಯೊಳಗೆ ಇರುತ್ತದೆ.

ಹಿಂದಿರುಗುವಾಗ ಗೋಣಿಕೊಪ್ಪ, ತಿತಿಮತಿಯ ಕಡೆಯಿಂದ ಸುತ್ತಿ ಬಂದೆವು. ಆ ಕಡೆ ಕಾಡು ತೋಟಗಳ ನಡುವೆ ಮೈಸೂರಿನಿಂದ ಕೇರಳದ ಕಡೆಗೆ ಹೋಗುವ 400 ಕಿಲೋವೋಲ್ಟಿನ ಮಾರ್ಗವಿದೆ. ಅದಕ್ಕಾಗಿ ಸಾವಿರಾರು ಮರಗಳು ಉರುಳಿದಾಗ ಕೊಡಗು ಬೀದಿಗಿಳಿದಿತ್ತು. ಗೋಪುರವೊಂದರ ಕೆಳಗೆ ಗಾಡಿ ನಿಲ್ಲಿಸಿ ಭಾವ ಬಹಳ ಹೊತ್ತು ಮೇಲೆ ನೋಡಿದರು. ವೋಲ್ಟೇಜು ಹತ್ತು ಪಟ್ಟು ಏರಿಸಿದರೆ ಅಷ್ಟೇ ವಿದ್ಯುತ್ತಿಗೆ ತಂತಿಯಲ್ಲಿ ಹತ್ತರಲ್ಲೊಂದು ಕರೆಂಟ್ ಸಾಕು, ದಾರಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ನೂರರಲ್ಲೊಂದಕ್ಕೆ ಇಳಿಯುತ್ತದೆ ಎಂದು ವಿವರಿಸಿದರು. ಲೆಕ್ಕದಲ್ಲಿ ತಪ್ಪಿಲ್ಲ. ಈ ತಂತಿ ನೀರಿನ ಕರೆಂಟನ್ನೇ ಒಯ್ಯುತ್ತದೆಯೆಂದಲ್ಲ, ಯಾವ ಮೂಲದ್ದಾದರೂ ದೂರಕ್ಕೆ ಒಯ್ಯುವ ದಾರಿಗೆ ನೆಲ ಬೇಕು, ಆ ನೆಲದ ಮೇಲೆ ಮರ ಇರಬಾರದು. ಮಾವನ ಗುಡಿಸಲಿನಿಂದ ಹಂಡೆಯವರೆಗೆ ಹೋಗುವ ತಂತಿಗೆ ಮೂರು ಅಡಿಕೆ ಮರಗಳೇ ಕಂಬ.

ಕುಶಾಲನಗರ ಸೇರಿದಾಗ ಗಂಟೆ ಎಂಟಾಗಿತ್ತು. ಟಿಪ್ಪಣಿ ಪುಸ್ತಕದಲ್ಲಿ ನಾಲ್ಕು ದಿನಗಳ ಅಂಕಿಗಳಿವೆ, ಎಲ್ಲವೂ ಹೊಳೆಗಳು ತುಂಬಿದ ತಿಂಗಳಿನವು. ರಜೆ ಮುಗಿದ ಮೇಲೆ ಆ ಹುಡುಗಿಗೆ ಪೆಲ್ಟನ್ ಚಕ್ರದ ಅಡಿಯಿಂದ ಇಳಿಯುತ್ತಿದ್ದ ನೀರಿನ ಚಿತ್ರ ತೋರಿಸುತ್ತೇನೆ, ಅವಳ ಅಜ್ಜನನ್ನು ಒಮ್ಮೆ ಶಾಲೆಗೆ ಕರೆತರಲೂ ಹೇಳುತ್ತೇನೆ. ಹೊಳೆಯ ಬಗ್ಗೆ ಅವರಿಂದ ಕೇಳಬೇಕಾದದ್ದು ನನಗೆ ಬಹಳ ಇದೆ. ಪರೀಕ್ಷೆಗಳು ಶುರುವಾಗುವ ಮೊದಲು, ಫೆಬ್ರವರಿಯ ಒಂದು ಭಾನುವಾರ ಮತ್ತೆ ಮಾಕುಟ್ಟಕ್ಕೂ ಮಾವನ ತೋಡಿಗೂ ಹೋಗುವುದೆಂದು ಭಾವನೂ ನಾನೂ ದಿನ ಗೊತ್ತುಮಾಡಿಕೊಂಡಿದ್ದೇವೆ. ಬಕೆಟ್ ಓಮ್ನಿಯಲ್ಲೇ ಇದೆ.